ದಾಖಲಾತಿ ವಹಿಯಿಂದ ಎಕ್ಸೆಲ್ ಕೋಷ್ಟಕಕ್ಕೆ: ನಮೂನೆಗಳ ದೋಷಶೋಧನೆ

ಶಾಲೆಯ ದಾಖಲಾತಿ ವಹಿಯಲ್ಲಿ ಮಗುವಿನ ಹೆಸರಿನ ಮುಂದೆ ಬರೆದ ಜನ್ಮದಿನಾಂಕವು ಆ ಮಗುವನ್ನು ಬದುಕಿನುದ್ದಕ್ಕೂ ಹಿಂಬಾಲಿಸುವ ಬರಹವಾಗಿದೆ. ವರ್ಗಾವಣೆ ಪ್ರಮಾಣಪತ್ರಕ್ಕೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ, ಮುಂದೆ ಸರ್ಕಾರಿ ಉದ್ಯೋಗ ದೊರೆತರೆ ಸೇವಾಪುಸ್ತಕಕ್ಕೆ ಇಳಿಯುವುದು ಅದೇ ದಿನಾಂಕ. ಸೇವೆಗೆ ಸೇರಿದ ನೌಕರನ ವಯಸ್ಸನ್ನು ಮನಬಂದಂತೆ ತಿದ್ದದಂತೆ ಕರ್ನಾಟಕದಲ್ಲಿ 1974ರ ಅಧಿನಿಯಮವೊಂದು ತಡೆಯೊಡ್ಡಿದೆ. ಆದುದರಿಂದ ವಹಿಯ ಬರಹವನ್ನು ಗಣಕಯಂತ್ರದ ಕೋಷ್ಟಕಕ್ಕೆ ಇಳಿಸುವುದನ್ನು ಬರಿಯ ಬೆರಳಚ್ಚಿನ ಕೆಲಸವೆಂದು ಬಗೆಯಲಾಗದು.

ಈ ಕಾರ್ಯಕ್ಕೆ ಬಹುತೇಕ ಕಚೇರಿಗಳಲ್ಲಿ ಬಳಕೆಯಾಗುವುದು ಎಕ್ಸೆಲ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ. ಈ ಜಾತಿಯ ತಂತ್ರಾಂಶಗಳ ಮೂಲಪುರುಷ 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್. ಎಕ್ಸೆಲ್ ಬಂದದ್ದು 1985ರಲ್ಲಿ. ಲೆಕ್ಕಿಗರು ಗೆರೆ ಎಳೆದ ಹಾಳೆಯಲ್ಲಿ ಕೂಡಿ ಕಳೆಯುತ್ತಿದ್ದುದನ್ನು ಯಂತ್ರಕ್ಕೆ ವಹಿಸುವುದೇ ಇವುಗಳ ಉದ್ದೇಶವಾಗಿತ್ತು. ಹೆಸರು, ವಿಳಾಸ, ಜನ್ಮದಿನಾಂಕಗಳ ವಹಿಯಾಗುವುದಕ್ಕಾಗಿ ಅವು ಹುಟ್ಟಲಿಲ್ಲ. ಕೋಶದೊಳಗೆ ಏನನ್ನು ಬರೆದರೂ ಅದನ್ನು ಮೊದಲು ಸಂಖ್ಯೆಯೆಂದು ಓದಲು ಯತ್ನಿಸುವ ಇವುಗಳ ಸ್ವಭಾವಕ್ಕೆ ಈ ಹುಟ್ಟೇ ಕಾರಣ. ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಇದರ ಸಂತತಿಯೇ ಆಗಿವೆ.

ಒಂದು ವಿದ್ಯಾರ್ಥಿಯ ವಿವರಗಳನ್ನು ಒಂದೊಂದಾಗಿ ತುಂಬಲು ಎಕ್ಸೆಲ್‌ನಲ್ಲಿ ಡೇಟಾ ಫಾರ್ಮ್ ಎಂಬ ಸಿದ್ಧ ನಮೂನೆಯುಂಟು. ಅದರ ಪ್ರಕಟ ದೋಷಗಳು ಸುಲಭಸಾಧ್ಯವಾದುವು. ಆ ಆಜ್ಞೆ ಮೇಲಿನ ಪಟ್ಟಿಯಲ್ಲಿ ಕಾಣಿಸದಿದ್ದರೆ ತ್ವರಿತ ಬಳಕೆಯ ಪಟ್ಟಿಗೆ ಅದನ್ನು ಸೇರಿಸಿಕೊಳ್ಳಬೇಕು. ಮೊದಲ ಸಾಲಿನಲ್ಲಿ ಶೀರ್ಷಿಕೆಗಳಿರಬೇಕು. ಕಾಲಂಗಳು 32ನ್ನು ಮೀರಿದರೆ ನಮೂನೆ ತೆರೆಯಲೊಲ್ಲದು. ಆಗ ಪೋಷಕರ ವಿವರಗಳನ್ನು ಬೇರೆ ಹಾಳೆಗೆ ಒಯ್ದು ದಾಖಲಾತಿ ಸಂಖ್ಯೆಯಿಂದ ಎರಡನ್ನೂ ಬೆಸೆಯುವುದು ಲೇಸು. ಪಟ್ಟಿಯನ್ನು ಮುಂದಕ್ಕೆ ವಿಸ್ತರಿಸಲಾಗದೆಂಬ ಸಂದೇಶ ಬಂದರೆ, ಪಟ್ಟಿಯ ಕೆಳಗೆ ಯಾರೋ ಒಟ್ಟು ಮೊತ್ತವನ್ನೋ ಷರಾವನ್ನೋ ಬರೆದಿರುತ್ತಾರೆ. ಅದನ್ನು ಬೇರೆಡೆಗೆ ಸರಿಸಿದರೆ ನಮೂನೆ ಮತ್ತೆ ನಡೆಯುತ್ತದೆ. ಸೂತ್ರವಿರುವ ಕಾಲಮನ್ನು ನಮೂನೆಯಲ್ಲಿ ತಿದ್ದಲಾಗದು. ಅದು ದೋಷವಲ್ಲ, ಇರಬೇಕಾದ ಕ್ರಮವೇ ಹೌದು.

ಕೆಲಸವನ್ನು ನಿಲ್ಲಿಸುವ ಇಂಥ ದೋಷವು ಒಂದು ಅರ್ಥದಲ್ಲಿ ಪ್ರಾಮಾಣಿಕವಾದುದು. ಗುಮಾಸ್ತರು ಅಲ್ಲಿಯೇ ತಡೆದು ವಿಚಾರಿಸುತ್ತಾರೆ. ಆದರೆ ನಮೂನೆಯು ಯಾವ ತಕರಾರೂ ಇಲ್ಲದೆ ಸ್ವೀಕರಿಸಿ, ಒಳಗೊಳಗೇ ಬರಹವನ್ನು ಬದಲಿಸಿಬಿಟ್ಟರೆ ಅದನ್ನು ಕಂಡುಹಿಡಿಯುವವರಾರು? ದಿನಾಂಕದ ವಿಷಯದಲ್ಲಿ ನಡೆಯುವುದು ಇದೇ.

ಎಕ್ಸೆಲ್ ದಿನಾಂಕವನ್ನು ದಿನಾಂಕವಾಗಿ ಕಾಯ್ದಿಡುವುದಿಲ್ಲ; 1900ನೆಯ ಜನವರಿ 1ನ್ನು ಒಂದೆಂದು ಎಣಿಸಿ, ಕ್ರಮಸಂಖ್ಯೆಯಾಗಿ ಇಡುತ್ತದೆ. 2018ರ ಜುಲೈ 5 ಅದರ ಪಾಲಿಗೆ 43286. ನಮ್ಮ ವಹಿಗಳಲ್ಲಿ ದಿನ, ತಿಂಗಳು, ವರ್ಷ ಎಂಬುದು ಕ್ರಮ. ಅಮೆರಿಕದಲ್ಲಿ ತಿಂಗಳು ಮೊದಲು. ಗಣಕಯಂತ್ರದ ಪ್ರಾದೇಶಿಕ ವ್ಯವಸ್ಥೆ ಅಮೆರಿಕದ್ದಾಗಿಯೇ ಉಳಿದಿದ್ದರೆ, 05/07/2018 ಎಂದು ತುಂಬಿದ್ದು ಮೇ 7 ಆಗಿ 43227 ಎಂಬ ಸಂಖ್ಯೆಯಾಗುತ್ತದೆ. ಮಗುವಿಗೆ ಒಮ್ಮೆಗೇ 59 ದಿನ ವಯಸ್ಸು ಹೆಚ್ಚಿತು. ಜೂನ್ 1ಕ್ಕೆ ಇಷ್ಟು ವರ್ಷ ತುಂಬಿರಬೇಕೆಂದು ಎಣಿಸುವ ಪಟ್ಟಿಯಲ್ಲಿ, ತುಂಬದ ಮಗು ತುಂಬಿದ ಮಗುವಾಗುವುದಕ್ಕೆ ಇಷ್ಟೇ ಸಾಕು. ಪರದೆಯ ಮೇಲಾದರೋ ಅಂಕಿಗಳು ಬರೆದಂತೆಯೇ ಕಾಣುತ್ತಿರುತ್ತವೆ!

ಇದರ ವ್ಯಾಪ್ತಿಯನ್ನು ಲೆಕ್ಕ ಹಾಕಿ ನೋಡಬಹುದು. ಸಾಮಾನ್ಯ ವರ್ಷದ 365 ದಿನಗಳಲ್ಲಿ ಪ್ರತಿ ತಿಂಗಳ 13ರಿಂದ ಮುಂದಿನ 221 ದಿನಗಳನ್ನು ಅಂಥ ಯಂತ್ರ ದಿನಾಂಕವೆಂದು ಒಪ್ಪದೆ ಬರಿಯ ಅಕ್ಷರವಾಗಿ ಇಡುತ್ತದೆ, ಏಕೆಂದರೆ ಹದಿಮೂರನೆಯ ತಿಂಗಳಿಲ್ಲ. ಉಳಿದ 144ರಲ್ಲಿ ದಿನವೂ ತಿಂಗಳೂ ಒಂದೇ ಅಂಕಿಯಾಗಿರುವ 12 ದಿನಗಳು ಪಾರಾಗುತ್ತವೆ. ಮಿಕ್ಕ 132 ದಿನಗಳು ಸದ್ದಿಲ್ಲದೆ ಅದಲುಬದಲಾಗುತ್ತವೆ. ಎಂದರೆ ಮೂರನೆಯ ಒಂದು ಪಾಲಿಗೂ ಮಿಗಿಲು.

ಪರೀಕ್ಷಿಸುವ ಉಪಾಯ ಸರಳವಾಗಿದೆ. ಜೋಡಣೆಯನ್ನು ಬದಲಿಸದ ಕಾಲಮಿನಲ್ಲಿ ಸಂಖ್ಯೆಗಳೂ ದಿನಾಂಕಗಳೂ ಕೋಶದ ಬಲಕ್ಕೆ, ಅಕ್ಷರಗಳು ಎಡಕ್ಕೆ ಒರಗುತ್ತವೆ. ಜನ್ಮದಿನಾಂಕದ ಕಾಲಮಿನಲ್ಲಿ ಕೆಲವು ಎಡಕ್ಕೂ ಕೆಲವು ಬಲಕ್ಕೂ ನಿಂತಿದ್ದರೆ ರೋಗ ಹಿಡಿದಿದೆ ಎಂದೇ ತಿಳಿಯಬೇಕು. ಎಡಕ್ಕೆ ನಿಂತವು ವಹಿಯಂತೆಯೇ ಇವೆ. ಸಂದೇಹಿಸಬೇಕಾದುದು ಸರಿಯಾಗಿ ಕಾಣುವ ಬಲಗಡೆಯವನ್ನು. ತಿಂಗಳು ಅಕ್ಷರದಲ್ಲಿ ಮೂಡುವಂತೆ ಕೋಶದ ರೂಪವನ್ನು ಬದಲಿಸಿದರೆ ಜುಲೈ ಮೇ ಆಗಿರುವುದು ಕಣ್ಣಿಗೆ ಬೀಳುತ್ತದೆ. ಆಮೇಲೆ ಪ್ರಾದೇಶಿಕ ವ್ಯವಸ್ಥೆಯನ್ನು ಭಾರತದ ಕ್ರಮಕ್ಕೆ ಬದಲಿಸಿದರೆ ಮುಂದಿನ ದಾಖಲೆಗಳು ಸರಿಯಾಗುವುವೇ ಹೊರತು ಹಿಂದೆ ಕೆಟ್ಟವು ತಾವಾಗಿ ಸರಿಯಾಗುವುದಿಲ್ಲ. ಅವಕ್ಕೆ ವಹಿಯನ್ನು ಎದುರಿಗಿಟ್ಟುಕೊಂಡು ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡುವ ಹಳೆಯ ಕ್ರಮವೇ ಗತಿ.

ಗಣಕ ಶಿಕ್ಷಕರು ವಿಬಿಎ ಭಾಷೆಯಲ್ಲಿ ತಾವೇ ರಚಿಸಿದ ನಮೂನೆಗಳಲ್ಲಿ ಇನ್ನೊಂದು ತೊಡಕು ಇದೆ. ಪೆಟ್ಟಿಗೆಯಲ್ಲಿ ಬರೆದ ದಿನಾಂಕವನ್ನು ಅಕ್ಷರವಾಗಿಯೇ ಕೋಶಕ್ಕೆ ರವಾನಿಸಿದರೆ, ಯಂತ್ರದ ವ್ಯವಸ್ಥೆ ಭಾರತದ್ದಾಗಿದ್ದರೂ ಅಮೆರಿಕದ ಕ್ರಮದಲ್ಲಿ ಓದಲ್ಪಡುವ ಸಂಭವವುಂಟು. ದಿನ, ತಿಂಗಳು, ವರ್ಷಗಳನ್ನು ಮೂರು ಬೇರೆ ಪೆಟ್ಟಿಗೆಗಳಲ್ಲಿ ಪಡೆದು ಡೇಟ್‌ಸೀರಿಯಲ್ ಎಂಬ ಆಜ್ಞೆಯಿಂದ ಕೂಡಿಸುವುದು ಇದಕ್ಕೆ ಪರಿಹಾರ.

ಇದು ಸಣ್ಣ ಕಚೇರಿಗಳ ಅಜ್ಞಾನವೆಂದು ನಗುವಂತಿಲ್ಲ. ಮಾನವ ವಂಶವಾಹಿಗಳ ಸಂಕ್ಷಿಪ್ತ ಹೆಸರುಗಳಲ್ಲಿ ಮಾರ್ಚ್1, ಸೆಪ್ಟ್2 ಮೊದಲಾದವನ್ನು ಎಕ್ಸೆಲ್ ದಿನಾಂಕಗಳಾಗಿ ಮಾರ್ಪಡಿಸುತ್ತಿದ್ದುದರಿಂದ ವಿಜ್ಞಾನಿಗಳ ನಾಮಕರಣ ಸಮಿತಿಯೇ ಆ ಹೆಸರುಗಳನ್ನು ಬದಲಿಸಿ, 2020ರಲ್ಲಿ ಹೊಸ ಮಾರ್ಗಸೂಚಿ ಪ್ರಕಟಿಸಿತು. ಅದೇ ವರ್ಷ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ, ಹಾಳೆಗೆ 65,536 ಸಾಲುಗಳಷ್ಟೇ ಹಿಡಿಸುವ ಹಳೆಯ ಎಕ್ಸೆಲ್ ಕಡತವನ್ನು ಬಳಸಿದ ಕಾರಣ 15,841 ಕೋವಿಡ್ ಪ್ರಕರಣಗಳು ಸಕಾಲದಲ್ಲಿ ಲೆಕ್ಕಕ್ಕೆ ಸೇರದೆ ಹೋದವು.

ದಾನಿಗಳ ಪಟ್ಟಿಯಲ್ಲಿಯೂ ಇದೇ ಬಗೆಯ ಕೇಡು ನಡೆಯುತ್ತದೆ. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಡಬಲ್ಲದು. ಹದಿನಾರು ಅಂಕಿಗಳ ಬ್ಯಾಂಕ್ ಖಾತೆಸಂಖ್ಯೆಯನ್ನು ತುಂಬಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಮೊದಲಾಗುವ ರಸೀದಿ ಸಂಖ್ಯೆ ಮೊದಲ ಸೊನ್ನೆಯನ್ನು ಕಳೆದುಕೊಳ್ಳುತ್ತದೆ. ತುಂಬುವುದಕ್ಕೆ ಮುಂಚೆಯೇ ಆ ಕಾಲಮನ್ನು ‘ಟೆಕ್ಸ್ಟ್’ ಎಂದು ಗೊತ್ತುಪಡಿಸಬೇಕು. ಅಂಕಿ ಅಳಿಸಿದ ಬಳಿಕ ಹೀಗೆ ಮಾಡಿದರೆ ಹೋದದ್ದು ಮರಳಿ ಬಾರದು.

ತಪ್ಪನ್ನು ಬಾಗಿಲಲ್ಲಿಯೇ ತಡೆಯಲು ಡೇಟಾ ವ್ಯಾಲಿಡೇಷನ್ ಎಂಬ ನಿಯಮವಿದೆ. ಆದರೆ ಅದು ಕೈಯಿಂದ ತುಂಬಿದುದನ್ನು ಪರೀಕ್ಷಿಸುತ್ತದೆಯೇ ಹೊರತು ಬೇರೆಡೆಯಿಂದ ನಕಲಿಸಿ ಅಂಟಿಸಿದುದನ್ನಲ್ಲ. ಅಂಟಿಸಿದಾಗ ಕೋಶದ ನಿಯಮವೇ ಅಳಿಸಿಹೋಗುವುದೂ ಉಂಟು. ಆಗ ಇಡೀ ಕಾಲಮಿಗೆ ನಿಯಮವನ್ನು ಮತ್ತೆ ಹೂಡಿ, ‘ಸರ್ಕಲ್ ಇನ್‌ವ್ಯಾಲಿಡ್ ಡೇಟಾ’ ಆಜ್ಞೆ ಕೊಟ್ಟರೆ ತಪ್ಪಿದ ಕೋಶಗಳ ಸುತ್ತ ಕೆಂಪು ವೃತ್ತ ಬೀಳುತ್ತದೆ. ಆದರೆ ಮೇ ಆಗಿ ಮಾರ್ಪಟ್ಟ ಜುಲೈಗೆ ವೃತ್ತ ಬೀಳುವುದಿಲ್ಲ, ಅದೂ ಒಂದು ಸರಿಯಾದ ದಿನಾಂಕವೇ ಅಲ್ಲವೇ.

ಕನ್ನಡ ಹೆಸರುಗಳ ಸಮಸ್ಯೆಯೇ ಬೇರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ತುಂಬಿದ ಹೆಸರುಗಳು, ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅಕಾರಾದಿಯಾಗಿ ಜೋಡಿಸಲೂ ಬಾರದು, ಯೂನಿಕೋಡ್‌ನಲ್ಲಿ ಬರೆದು ಹುಡುಕಿದರೆ ಸಿಗಲೂ ಸಿಗದು. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ವಹಿಯೊಡನೆ ತಾಳೆ ನೋಡಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಹೊಂದದಿದ್ದರೆ ‘ಲೆನ್’ ಸೂತ್ರದಿಂದ ಉದ್ದವನ್ನು ಅಳೆಯಬೇಕು. ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಸ್ಥಳವೋ ಕಾಣದ ಚಿಹ್ನೆಯೋ ಆಗ ಸಿಕ್ಕಿಬೀಳುತ್ತದೆ.

ಹಳೆಯ ಸಂಸ್ಥೆಗಳ ವಹಿಗಳಿಗೆ ಮಾತ್ರ ಸಂಬಂಧಿಸಿದ ಒಂದು ಮಾತು ಉಳಿದಿದೆ. 1900ಕ್ಕೆ ಹಿಂದಿನ ದಿನಾಂಕಗಳು ಎಕ್ಸೆಲ್ ಎಣಿಕೆಗೆ ನಿಲುಕುವುದಿಲ್ಲ. ಆ ಕಾಲದ ಹಿರಿಯ ವಿದ್ಯಾರ್ಥಿಗಳ ಜನ್ಮದಿನಾಂಕಗಳಿಗೆ ದಿನ, ತಿಂಗಳು, ವರ್ಷವೆಂದು ಮೂರು ಕಾಲಂಗಳನ್ನು ಪ್ರತ್ಯೇಕವಾಗಿ ತೆರೆಯುವುದು ಯುಕ್ತ. ಇಡೀ ವಹಿಗೆ ಇದೇ ಕ್ರಮವನ್ನು ಅನುಸರಿಸಿದರೂ ನಷ್ಟವೇನಿಲ್ಲ.