ಥೈರಾಯ್ಡ್ ಅಂಕಿ ಏರಿಳಿದರೆ ಕಾರಣ ಹುಡುಕಿ, ಮಾತ್ರೆ ಬಿಡಬೇಡಿ



"ನಮ್ಮ ಮನೆಯವಳಿಗೆ ಥೈರಾಯ್ಡ್ ಬಂದಿದೆ" ಎಂಬ ಮಾತು ಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಈಗ ಹೊಸದಲ್ಲ. ಆದರೆ ಥೈರಾಯ್ಡ್ ಎಂಬುದು ಬರುವ ಕಾಯಿಲೆಯಲ್ಲ. ಅದು ಎಲ್ಲರ ಕುತ್ತಿಗೆಯಲ್ಲೂ ಹುಟ್ಟಿನಿಂದ ಇರುವ ಒಂದು ಗ್ರಂಥಿ. ಅದರ ಕೆಲಸ ಕೆಟ್ಟಾಗ ಕಾಯಿಲೆ. ಇದಕ್ಕೆ ಒಳ್ಳೆಯ ಔಷಧಿ ಉಂಟು. ಆದರೂ ಹಲವರ ರಕ್ತಪರೀಕ್ಷೆಯ ಅಂಕಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಅಂಕಿ ಸರಿಬಂದಾಗ "ವಾಸಿಯಾಯಿತು" ಎಂದು ಮಾತ್ರೆ ಬಿಡುವವರುಂಟು. ಕೆಟ್ಟಾಗ "ಈ ಮಾತ್ರೆ ನಾಟುವುದಿಲ್ಲ" ಎಂದು ಬಿಡುವವರೂ ಉಂಟು. ಎರಡೂ ತಪ್ಪು.

ಅಂಕಿ ಏಕೆ ಏರಿಳಿಯುತ್ತದೆ, ಆಗ ಏನು ಮಾಡತಕ್ಕದ್ದು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ. ನಾನು ಓದಿರುವುದು ಬೇಸಾಯ. ಔಷಧಿಯ ಪ್ರಮಾಣ ಗೊತ್ತುಮಾಡುವವರು ವೈದ್ಯರು. ಅವರು ಹೇಳಿದ್ದನ್ನು ಮನೆಯಲ್ಲಿ ಕ್ರಮವಾಗಿ ನಡೆಸುವ ಬಗೆಯಷ್ಟೇ ಇಲ್ಲಿದೆ.

೧. ಗ್ರಂಥಿಯ ಕೆಲಸ

ಕತ್ತಿನ ಮುಂಭಾಗದಲ್ಲಿ, ಗಂಟಲಿನ ಉಬ್ಬಿನ ಕೆಳಗೆ, ಚಿಟ್ಟೆಯ ಆಕಾರದಲ್ಲಿ ಈ ಗ್ರಂಥಿ ಇದೆ. ತೂಕ ಸುಮಾರು ೨೦ ಗ್ರಾಂ. ನಾವು ತಿನ್ನುವ ಆಹಾರದಲ್ಲಿನ ಅಯೋಡಿನ್ ಅಂಶವನ್ನು ರಕ್ತದಿಂದ ಹೀರಿಕೊಂಡು ಇದು ಥೈರಾಕ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ಮೈಯ ಶಾಖ, ಎದೆಯ ಬಡಿತ, ಜೀರ್ಣಶಕ್ತಿ, ಹೆಂಗಸರ ಮುಟ್ಟು, ಮಕ್ಕಳ ಬೆಳವಣಿಗೆ ಇವೆಲ್ಲಕ್ಕೂ ಈ ರಸ ಬೇಕು.

ರಸ ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ, ಒಣಚರ್ಮ, ಕೂದಲುದುರುವಿಕೆ, ಮೈ ಭಾರ, ಮುಟ್ಟಿನಲ್ಲಿ ಹೆಚ್ಚು ಸ್ರಾವ, ಮರೆವು ಕಾಣುತ್ತವೆ. ಹೆಚ್ಚಾದರೆ ಎದೆ ಹೊಡೆದುಕೊಳ್ಳುವುದು, ಕೈನಡುಕ, ಬೆವರು, ನಿದ್ದೆಗೇಡು, ಭೇದಿ, ತೂಕ ಇಳಿಯುವುದು ಕಾಣುತ್ತವೆ. ನಾಟಿಯ ಕಾಲದಲ್ಲಿ "ದುಡಿದು ಸುಸ್ತಾಗಿದೆ" ಎಂದು ಇವನ್ನು ವರ್ಷಗಟ್ಟಲೆ ತಳ್ಳಿಹಾಕುವುದುಂಟು. ವಿಶ್ರಾಂತಿ ಪಡೆದರೂ ಹೋಗದ ಸುಸ್ತನ್ನು ಪರೀಕ್ಷೆ ಮಾಡಿಸಬೇಕು.

೨. ಅಂಕಿ ಹೆಚ್ಚಾದರೆ ರಸ ಕಡಿಮೆ

ಪರೀಕ್ಷೆಯ ಚೀಟಿಯಲ್ಲಿ ಟಿ.ಎಸ್.ಎಚ್. ಎಂಬ ಅಂಕಿ ಇರುತ್ತದೆ. ವಯಸ್ಕರಲ್ಲಿ ಇದು ಸಾಧಾರಣವಾಗಿ ೦.೪ರಿಂದ ೪ರವರೆಗೆ ಇರುತ್ತದೆ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಈ ಮಿತಿಯಲ್ಲಿ ಸ್ವಲ್ಪ ವ್ಯತ್ಯಾಸವುಂಟು. ಇದು ೧೨ ಎಂದು ಬಂದರೆ ಜನ "ಥೈರಾಯ್ಡ್ ಜಾಸ್ತಿಯಾಗಿದೆ" ಎನ್ನುತ್ತಾರೆ. ವಾಸ್ತವವಾಗಿ ಆಗಿರುವುದು ಇದಕ್ಕೆ ತಿರುಗುಮುರುಗು.

ಮಂಡ್ಯ, ಮದ್ದೂರು, ಮಳವಳ್ಳಿಯ ನಾಲಾ ಬಯಲಿನ ರೈತರಿಗೆ ಇದನ್ನು ತಿಳಿಸುವುದು ಸುಲಭ. ಗದ್ದೆಗೆ ನೀರು ಸಾಲದಾದಾಗ ನೀರುಗಂಟಿ "ತೂಬು ಎತ್ತಿ" ಎಂದು ಕೂಗುತ್ತಾನೆ. ನೀರು ಕಡಿಮೆಯಾದಷ್ಟೂ ಕೂಗು ಜೋರು. ನೀರು ತುಂಬಿ ಹರಿದರೆ ಅವನು ಸುಮ್ಮನಾಗುತ್ತಾನೆ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯೂಟರಿ ಗ್ರಂಥಿಯೇ ಆ ನೀರುಗಂಟಿ, ಥೈರಾಯ್ಡ್ ಗ್ರಂಥಿಯೇ ತೂಬು, ಟಿ.ಎಸ್.ಎಚ್. ಎಂಬುದೇ ಕೂಗು. ಆದುದರಿಂದ ಟಿ.ಎಸ್.ಎಚ್. ಏರಿದೆ ಎಂದರೆ ಸಾಮಾನ್ಯವಾಗಿ ಮೈಗೆ ಥೈರಾಕ್ಸಿನ್ ಸಾಲದು ಎಂದರ್ಥ. ತೀರ ಇಳಿದಿದೆ ಎಂದರೆ ಥೈರಾಕ್ಸಿನ್ ಹೆಚ್ಚಾಗಿದೆ ಎಂದರ್ಥ. ಇದನ್ನು ತಪ್ಪಾಗಿ ತಿಳಿದು, "ಜಾಸ್ತಿಯಾಗಿದೆ" ಎಂದು ಮಾತ್ರೆ ಕಡಿಮೆ ಮಾಡಿದರೆ ಒಣಗಿದ ಗದ್ದೆಯ ತೂಬನ್ನು ಮುಚ್ಚಿದಂತೆ.

೩. ಬೇಲಿಯೇ ಎದ್ದು ಹೊಲ ಮೇಯುವ ಬೇನೆ

ರೋಗಾಣುಗಳಿಂದ ಮೈಯನ್ನು ಕಾಯುವ ಶಕ್ತಿ ನಮ್ಮ ರಕ್ತದಲ್ಲಿದೆ. ಕೆಲವರಲ್ಲಿ ಆ ಕಾವಲು ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಹೊರಗಿನ ಶತ್ರುವೆಂದು ಬಗೆದು ನಿಧಾನವಾಗಿ ಹಾಳುಮಾಡುತ್ತದೆ. ಜಪಾನಿನ ವೈದ್ಯ ಹಕಾರು ಹಶಿಮೊಟೊ ೧೯೧೨ರಲ್ಲಿ ನಾಲ್ವರು ಹೆಂಗಸರಲ್ಲಿ ಈ ಬೇನೆಯನ್ನು ಕಂಡು ಬರೆದಿಟ್ಟರು. ಅದಕ್ಕೆ ಅವರದೇ ಹೆಸರು ನಿಂತಿತು. ಮೈಯ ಕಾವಲು ಶಕ್ತಿಯೇ ಇದಕ್ಕೆ ಕಾರಣವೆಂಬುದು ೧೯೫೬ರಲ್ಲಿ ಇಂಗ್ಲೆಂಡಿನಲ್ಲಿ ತಿಳಿದುಬಂತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಒಂದೇ ಮನೆತನದಲ್ಲಿ ಹಲವರಿಗೆ ಬರುವುದುಂಟು. ಇದು ಅಂಟುರೋಗವಲ್ಲ; ಯಾರ ಪಾಪದ ಫಲವೂ ಅಲ್ಲ.

ಆಂಟಿ-ಟಿ.ಪಿ.ಓ. ಎಂಬ ಪರೀಕ್ಷೆಯಿಂದ ಈ ಬೇನೆ ಗೊತ್ತಾಗುತ್ತದೆ. ಒಮ್ಮೆ ಗೊತ್ತಾದ ಮೇಲೆ ಅದನ್ನು ಪದೇ ಪದೇ ಮಾಡಿಸಿ ಹಣ ಕಳೆಯಬೇಕಾದ್ದಿಲ್ಲ. ಮಾತ್ರೆಯ ಪ್ರಮಾಣ ಅದರ ಮೇಲೆ ನಿಲ್ಲುವುದಿಲ್ಲ.

ಮಾತ್ರೆ ಈ ಬೇಲಿಯನ್ನು ರಿಪೇರಿ ಮಾಡುವುದಿಲ್ಲ. ಗ್ರಂಥಿ ತಯಾರಿಸಲಾರದ ರಸವನ್ನು ಹೊರಗಿನಿಂದ ಒದಗಿಸುತ್ತದೆ, ಅಷ್ಟೇ. ಅಂಕಿ ಸರಿಯಾಗಿರುವುದು ಮಾತ್ರೆಯಿಂದಲೇ. ಆದುದರಿಂದ ಹೆಚ್ಚಿನವರು ಇದನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕಾಗುತ್ತದೆ.

೪. ಅಂಕಿ ಏರಿಳಿಯಲು ಕಾರಣಗಳು

(ಅ) ಗ್ರಂಥಿಯ ಸ್ಥಿತಿ. ಗ್ರಂಥಿ ಹಾಳಾಗುವ ಮೊದಮೊದಲ ದಿನಗಳಲ್ಲಿ ಅದರೊಳಗಿನ ರಸ ಒಮ್ಮೆಲೇ ಸೋರಿ ಹೆಚ್ಚಾಗಬಹುದು, ಬಳಿಕ ಕಡಿಮೆಯಾಗುತ್ತದೆ. ವರ್ಷಗಳು ಕಳೆದಂತೆ ಗ್ರಂಥಿ ಇನ್ನೂ ಕ್ಷೀಣಿಸಿದರೆ ಮೊದಲಿನ ಮಾತ್ರೆ ಸಾಲದಾಗುತ್ತದೆ.

(ಆ) ಮಾತ್ರೆ ತಪ್ಪುವುದು. ಜಾತ್ರೆ, ಮದುವೆ, ಕಬ್ಬು ಕಡಿಯುವ ದಿನಗಳಲ್ಲಿ ನಾಲ್ಕಾರು ದಿನ ಮರೆತರೆ ಅಂಕಿ ಏರುತ್ತದೆ.

(ಇ) ಆಹಾರದೊಡನೆ ಬೆರೆಯುವುದು. ಕಾಫಿ, ಹಾಲು, ಅಂಬಲಿ, ಸೋಯಾ ಪದಾರ್ಥಗಳ ಜೊತೆ ನುಂಗಿದ ಮಾತ್ರೆ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ.

(ಈ) ಬೇರೆ ಔಷಧಿಗಳು. ಕಬ್ಬಿಣಾಂಶದ ಮಾತ್ರೆ, ಸುಣ್ಣದ ಅಂಶವಿರುವ ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆಯುರಿ ಅಥವಾ ಗ್ಯಾಸಿನ ಮಾತ್ರೆಗಳು ಥೈರಾಕ್ಸಿನ್ನನ್ನು ತಡೆಯುತ್ತವೆ.

(ಉ) ಮೈಯ ಬದಲಾವಣೆ. ಬಸಿರು, ಹೆರಿಗೆ, ತೂಕದ ಹೆಚ್ಚುಕಡಿಮೆ, ವಯಸ್ಸು.

(ಊ) ಪರೀಕ್ಷೆಯ ವ್ಯತ್ಯಾಸ. ಟಿ.ಎಸ್.ಎಚ್. ರಾತ್ರಿ ಮತ್ತು ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನ ಕಡಿಮೆ. ಜ್ವರ ಅಥವಾ ದೊಡ್ಡ ಕಾಯಿಲೆಯ ನಡುವೆಯೂ ಅಂಕಿ ಬದಲಾಗುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆ ಪರೀಕ್ಷೆಯನ್ನೇ ದಾರಿತಪ್ಪಿಸಬಲ್ಲದು. ಅದನ್ನು ರಕ್ತ ಕೊಡುವುದಕ್ಕೆ ಎರಡು ದಿನ ಮೊದಲೇ ನಿಲ್ಲಿಸಬೇಕು.

ಪೈರು ಹಳದಿಯಾದ ಮಾತ್ರಕ್ಕೆ ಬುದ್ಧಿವಂತ ರೈತ ಯೂರಿಯಾ ಎರಚುವುದಿಲ್ಲ. ನೀರು ನಿಂತಿದೆಯೋ, ಹುಳು ಬಿದ್ದಿದೆಯೋ, ಸತುವಿನ ಕೊರತೆಯೋ ಎಂದು ನೋಡುತ್ತಾನೆ. ಇಲ್ಲಿಯೂ ಹಾಗೆಯೇ. ಮಾತ್ರೆ ಮರೆತದ್ದರಿಂದ ಅಂಕಿ ಏರಿದ್ದರೆ, ಅದನ್ನು ವೈದ್ಯರಿಗೆ ಹೇಳದೆ ಮುಚ್ಚಿಟ್ಟರೆ, ಅವರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಮುಂದೆ ರೋಗಿ ಸರಿಯಾಗಿ ನುಂಗತೊಡಗಿದಾಗ ಅದೇ ಪ್ರಮಾಣ ಅತಿಯಾಗುತ್ತದೆ. ಅತಿಯಾದ ಥೈರಾಕ್ಸಿನ್ ವಯಸ್ಸಾದವರಲ್ಲಿ ಎದೆಬಡಿತದ ಲಯ ತಪ್ಪಿಸುತ್ತದೆ, ಮೂಳೆಯನ್ನು ಸವೆಸುತ್ತದೆ. ವೈದ್ಯರ ಮುಂದೆ "ಹತ್ತು ದಿನ ತಪ್ಪಿದೆ" ಎಂದು ನಿಜ ಹೇಳುವುದರಲ್ಲಿ ನಾಚಿಕೆಯಿಲ್ಲ.

೫. ಮಾತ್ರೆ ನುಂಗುವ ಕ್ರಮ

ಬೆಳಿಗ್ಗೆ ಎದ್ದ ಕೂಡಲೆ, ಬರಿ ಹೊಟ್ಟೆಯಲ್ಲಿ, ಬರಿ ನೀರಿನೊಡನೆ ನುಂಗಿರಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯೂ ಕೂಡದು. ನಸುಕಿನಲ್ಲಿ ಹಾಲು ಕರೆಯಲು ಏಳುವ ಮನೆಗಳಲ್ಲಿ ಇದು ಕಷ್ಟವಲ್ಲ. ಕೊಟ್ಟಿಗೆಗೆ ಹೋಗುವ ಮೊದಲು ಮಾತ್ರೆ, ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಕಾಫಿ. ಬೆಳಿಗ್ಗೆ ಆಗದವರು ವೈದ್ಯರನ್ನು ಕೇಳಿ ರಾತ್ರಿ ಮಲಗುವಾಗ, ಊಟವಾಗಿ ಮೂರು ಗಂಟೆ ಕಳೆದ ಮೇಲೆ ನುಂಗಬಹುದು. ಯಾವುದಾದರೊಂದು ವೇಳೆಯನ್ನು ಗೊತ್ತುಮಾಡಿ ಅದನ್ನೇ ನಡೆಸಬೇಕು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಮಾತ್ರೆಯನ್ನು ಒಲೆಯ ಪಕ್ಕದ ಗೂಡಿನಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಶಾಖ ಮತ್ತು ತೇವದಿಂದ ಅದರ ಸತ್ವ ಕುಗ್ಗುತ್ತದೆ. ಒಂದೇ ಕಂಪೆನಿಯ ಮಾತ್ರೆಯನ್ನು ಮುಂದುವರಿಸುವುದು ಮೇಲು. ಅಂಗಡಿಯವರು ಬೇರೆ ಕಂಪೆನಿಯದನ್ನು ಕೊಟ್ಟರೆ ವೈದ್ಯರಿಗೆ ತಿಳಿಸಿರಿ. ಉಪವಾಸದ ದಿನವೂ ಮಾತ್ರೆ ಬಿಡಬಾರದು.

ಪ್ರಮಾಣ ಬದಲಿಸಿದ ವಾರದಲ್ಲೇ ಮತ್ತೆ ರಕ್ತ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಕನ್ನಂಬಾಡಿಯಲ್ಲಿ ಬಿಟ್ಟ ನೀರು ಆ ಗಳಿಗೆಯಲ್ಲೇ ಕೊನೆಭಾಗದ ಗದ್ದೆಗೆ ಮುಟ್ಟುವುದಿಲ್ಲ. ಈ ಔಷಧಿಯೂ ಹಾಗೆ: ಮೈಯಲ್ಲಿರುವುದರ ಅರ್ಧ ಭಾಗ ಕಳೆಯಲು ಸುಮಾರು ೭ ದಿನ ಬೇಕು, ಹೊಸ ಪ್ರಮಾಣ ಒಂದು ಮಟ್ಟಕ್ಕೆ ನಿಲ್ಲಲು ಆರು ವಾರ ಹಿಡಿಯುತ್ತದೆ. ಆದುದರಿಂದ ೬ರಿಂದ ೮ ವಾರಕ್ಕೆ ಪರೀಕ್ಷೆ. ಅಂಕಿ ಸ್ಥಿರವಾದ ಮೇಲೆ ವೈದ್ಯರು ಹೇಳಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಪ್ರತಿಸಲವೂ ಒಂದೇ ಪ್ರಯೋಗಶಾಲೆಯಲ್ಲಿ, ಬೆಳಗಿನ ಒಂದೇ ವೇಳೆಯಲ್ಲಿ, ಆ ದಿನದ ಮಾತ್ರೆ ನುಂಗುವ ಮೊದಲು ರಕ್ತ ಕೊಡಿರಿ.

೬. ಉಪ್ಪು ಮತ್ತು ಊಟ

ಅಯೋಡಿನ್ ಕೊರತೆಯಿಂದ ಬರುವ ಗಳಗಂಡವನ್ನು ತಡೆಯಲು ಭಾರತ ಸರ್ಕಾರ ೧೯೬೨ರಲ್ಲಿ ಕಾರ್ಯಕ್ರಮ ಆರಂಭಿಸಿತು. ಅಯೋಡಿನ್ ಬೆರೆಸಿದ ಉಪ್ಪು ಅದರ ಫಲ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಬಳಸಿರಿ. ಆದರೆ ಹಶಿಮೊಟೊ ಬೇನೆ ಉಪ್ಪಿನ ಕೊರತೆಯಿಂದ ಬಂದುದಲ್ಲ. ಅದಕ್ಕೆಂದು ಹೆಚ್ಚು ಉಪ್ಪು ತಿನ್ನುವುದಾಗಲಿ, ಅಯೋಡಿನ್ ಮಾತ್ರೆ ನುಂಗುವುದಾಗಲಿ ಕೂಡದು. ಅತಿಯಾದ ಅಯೋಡಿನ್ ಬೇನೆಯನ್ನು ಕೆದಕುತ್ತದೆ.

ರಾಗಿ ಮುದ್ದೆ ಬಿಡಬೇಕೇ ಎಂಬುದು ಹಲವರ ಪ್ರಶ್ನೆ. ಬಿಡಬೇಕಾದ್ದಿಲ್ಲ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ; ಮೈಗೆ ಅದು ಒಳ್ಳೆಯದು, ಮಾತ್ರೆಯ ಜೊತೆ ಮಾತ್ರ ಬೇಡ. ಕೋಸು, ಹೂಕೋಸುಗಳನ್ನು ಬೇಯಿಸಿ ಹಿತಮಿತವಾಗಿ ತಿಂದರೆ ತೊಂದರೆಯಿಲ್ಲ.

೭. ಬಸುರಿಯರಿಗೆ ವಿಶೇಷ ಸೂಚನೆ

ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಕೂಸಿನ ಮೆದುಳು ತಾಯಿಯ ಥೈರಾಕ್ಸಿನ್ನನ್ನೇ ನೆಚ್ಚಿಕೊಂಡು ಬೆಳೆಯುತ್ತದೆ. ಆಗ ತಾಯಿಗೆ ಬೇಕಾಗುವ ಪ್ರಮಾಣವೂ ಹೆಚ್ಚುತ್ತದೆ; ಹಲವರಿಗೆ ಮೊದಲಿದ್ದುದಕ್ಕಿಂತ ಕಾಲುಭಾಗ ಹೆಚ್ಚು ಬೇಕಾಗುತ್ತದೆ. ಆದುದರಿಂದ ಮುಟ್ಟು ನಿಂತದ್ದು ತಿಳಿದ ಕೂಡಲೆ, ಸೀಮಂತದವರೆಗೆ ಕಾಯದೆ, ವೈದ್ಯರ ಬಳಿಗೆ ಹೋಗಬೇಕು. ಬಸಿರಿನ ಮೊದಲ ಅರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ಬೇಕು. "ಬಸುರಿಗೆ ಇಂಗ್ಲಿಷ್ ಔಷಧಿ ಬೇಡ" ಎಂದು ಅತ್ತೆಯವರು ಈ ಮಾತ್ರೆಯನ್ನು ಬಿಡಿಸಬಾರದು. ಇದು ಕೂಸಿಗೂ ಸಲ್ಲುವ ರಸ, ಹಾಲೂಡಿಸುವಾಗಲೂ ನುಂಗಬಹುದು.

ಆರೋಗ್ಯ ಕೇಂದ್ರದಿಂದ ಬಸುರಿಯರಿಗೆ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನೂ ಬಿಡಬಾರದು. ಬೆಳಿಗ್ಗೆ ಥೈರಾಕ್ಸಿನ್, ಮಧ್ಯಾಹ್ನದ ಊಟವಾದ ಮೇಲೆ ಒಂದು, ರಾತ್ರಿ ಊಟವಾದ ಮೇಲೆ ಇನ್ನೊಂದು ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಹಂಚಿಕೊಳ್ಳಿರಿ. ಹೆರಿಗೆಯ ನಂತರ ಪ್ರಮಾಣ ಮತ್ತೆ ಬದಲಾಗುವುದರಿಂದ ಆರನೆಯ ವಾರದಲ್ಲಿ ಪರೀಕ್ಷೆ ಮಾಡಿಸಬೇಕು.

೮. ತಡಮಾಡಬಾರದ ಸಂದರ್ಭಗಳು

ಎದೆ ವಿಪರೀತ ಹೊಡೆದುಕೊಂಡರೆ, ಎದೆನೋವು ಬಂದರೆ, ಅಥವಾ ಬಹುಕಾಲ ಮಾತ್ರೆ ಬಿಟ್ಟವರು ಮೈ ತಣ್ಣಗಾಗಿ ಮಂಪರಿಗೆ ಬಿದ್ದರೆ, ಉಸಿರು ನಿಧಾನವಾದರೆ, ಆ ಗಳಿಗೆಯಲ್ಲೇ ೧೦೮ ವಾಹನವನ್ನು ಕರೆಸಿ ಮದ್ದೂರಿನ ಅಥವಾ ಮಂಡ್ಯದ ಆಸ್ಪತ್ರೆಗೆ ಸಾಗಿಸಬೇಕು.

ಮನೆಯಲ್ಲಿ ಮಾಡಬೇಕಾದ ಕೆಲಸ

ಹಾಲಿನ ಲೆಕ್ಕಕ್ಕೆ ಪುಸ್ತಕವಿಡುವಂತೆ ಇದಕ್ಕೂ ಒಂದು ಪುಸ್ತಕವಿಡಿ. ಪರೀಕ್ಷೆಯ ತಾರೀಖು, ಟಿ.ಎಸ್.ಎಚ್. ಅಂಕಿ, ಮಾತ್ರೆಯ ಪ್ರಮಾಣ ಮತ್ತು ಕಂಪೆನಿ, ತಪ್ಪಿದ ದಿನಗಳು, ಮೈತೂಕ, ಜೊತೆಗೆ ನುಂಗುವ ಬೇರೆ ಔಷಧಿ ಎಂದು ಆರು ಕಲಮು ಗೆರೆ ಎಳೆಯಿರಿ. ಓದು ಬಾರದ ತಾಯಂದಿರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಲಿ. ವೈದ್ಯರ ಬಳಿಗೆ ಹೋಗುವಾಗ ಈ ಪುಸ್ತಕ ಕೈಯಲ್ಲಿದ್ದರೆ ಅಂಕಿ ಏರಿದ ಕಾರಣ ಬಹುಮಟ್ಟಿಗೆ ಅದರಲ್ಲೇ ಸಿಕ್ಕುತ್ತದೆ.

ಈ ಪಾಠವನ್ನು ಮನೆಯ ಹೆಂಗಸರಿಗೆ ತಪ್ಪದೆ ಓದಿ ಹೇಳಿರಿ. ನಾಳೆ ಬೆಳಿಗ್ಗೆ ಅವರ ಕಾಫಿ ಒಂದು ಗಂಟೆ ತಡವಾದರೆ ಯಾರೂ ಗೊಣಗಬೇಡಿ.