ದೋಷ ಎಷ್ಟು ಅನ್ನುವುದಕ್ಕಿಂತ ಯಾವುದು ಅನ್ನಿ

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿನ ಕೀ ಕೈಗೆ ತೆಗೆದುಕೊಳ್ಳುವ ಮುಂಚೆ ಹೊರಗಿನವರಿಂದ ತಪಾಸಣೆ ಮಾಡಿಸುವ ರೂಢಿ ಬೆಳೆಯುತ್ತಿದೆ. ಚದರಡಿಗೆ ಇಷ್ಟೆಂದು ಶುಲ್ಕ. ಎಂಜಿನಿಯರುಗಳು ಥರ್ಮಲ್ ಕ್ಯಾಮೆರಾ, ತೇವಾಂಶ ಅಳೆಯುವ ಮೀಟರು, ಲೇಸರ್ ಟೇಪು ಹಿಡಿದು ಬರುತ್ತಾರೆ, ಮೂಲೆ ಮೂಲೆ ನೋಡುತ್ತಾರೆ. ಕೆಲವು ದಿನ ಬಿಟ್ಟು ಫೋಟೊ ತುಂಬಿದ ಪಿಡಿಎಫ್ ಒಂದು ವಾಟ್ಸ್‌ಆ್ಯಪಿಗೆ ಬಂದು ಬೀಳುತ್ತದೆ. ಕನಕಪುರ ರಸ್ತೆಯ ಕಡೆ ನಾವು ಕೊಂಡ ಮನೆಗೂ ಹಾಗೇ ಮಾಡಿಸಿದೆವು. ಆ ದುಡ್ಡು ದಂಡವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಕಂಡದ್ದನ್ನು ಅವರು ನಿಮಗೆ ಹೇಗೆ ಹೇಳುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ನಮ್ಮ ವರದಿಯಲ್ಲಿ ನೂರಕ್ಕೂ ಹೆಚ್ಚು ದೋಷಗಳಿದ್ದವು, ಎಲ್ಲವೂ ಕೋಣೆವಾರು. ಬಾಗಿಲ ಚೌಕಟ್ಟಿನ ಮೇಲೆ ಗೀರು, ಸ್ವಿಚ್‌ಬೋರ್ಡಿನ ಅಂಚಿಗೆ ಪುಟ್ಟಿ ಸರಿಯಾಗಿ ಕೂತಿಲ್ಲ, ಕಿಟಕಿ ಗಾಜಿಗೆ ಬಣ್ಣದ ಹನಿ. ಇಂಥವುಗಳ ನಡುವೆ, ಅದೇ ಅಕ್ಷರದಲ್ಲಿ ಒಂದು ಸಾಲು: ಆರ್‌ಸಿಸಿಬಿ ಟ್ರಿಪ್ ಆಗುತ್ತಿಲ್ಲ. ಗೀಸರಿನಿಂದಲೋ ವಾಷಿಂಗ್ ಮಷಿನ್ನಿನಿಂದಲೋ ಕರೆಂಟು ಮೈಗೆ ಹರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯಬೇಕಾದ ಸಾಧನ ಅದು. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂಥದ್ದು. ಅದು ಬೀಳದಿದ್ದರೆ ಜೀವಕ್ಕೇ ಅಪಾಯ. ಬಾಗಿಲ ಗೀರಿಗೆ ಎಷ್ಟು ಜಾಗವೋ ವರದಿಯಲ್ಲಿ ಇದಕ್ಕೂ ಅಷ್ಟೇ ಜಾಗ.

ಇಂಥ ಪಟ್ಟಿಯಿಂದ ಲಾಭವಾಗುವುದು ಕಟ್ಟಿದವರಿಗೆ. ಪೇಂಟರ್ ಒಬ್ಬ ಬಂದು ಒಂದು ದಿನ ಕೂತರೆ ಅರ್ಧಕ್ಕರ್ಧ ದೋಷ ಮಾಯ. ಆಮೇಲೆ ‘ಶೇ 90ರಷ್ಟು ಮುಗಿಸಿದ್ದೇವೆ, ರಿಜಿಸ್ಟ್ರೇಷನ್ ದಿನ ಹೇಳಿ’ ಎಂದು ಫೋನು ಬರುತ್ತದೆ. ನಮಗೂ ಬಂತು. ಉಳಿದ ಹತ್ತರಲ್ಲೇ ಟೈಲ್ಸ್ ಒಡೆಯಬೇಕಾದದ್ದು, ಪೈಪು ತೆರೆಯಬೇಕಾದದ್ದು ಎಲ್ಲ ಇರುತ್ತದೆ. ಕೊನೆಯ ಕಂತು ಕೊಟ್ಟಾದ ಮೇಲೆ ಆ ಹತ್ತಕ್ಕೆ ಓಡಾಡುವವರು ನೀವೇ.

ನಮ್ಮನ್ನು ಉಳಿಸಿದ್ದು ತಪಾಸಣೆಯ ದಿನ ಎಂಜಿನಿಯರ ಜೊತೆಗೇ ಇದ್ದದ್ದು. ಚಿಕ್ಕ ವಯಸ್ಸಿನವರು, ಹಾಸನದ ಕಡೆಯವರು, ಮಾತು ಕಡಿಮೆ. ಬಚ್ಚಲಿನಲ್ಲಿ ತುದಿಗೆ ಗುಂಡಿದ್ದ ಸಣ್ಣ ಕಡ್ಡಿಯಿಂದ ಗೋಡೆಯ ಟೈಲ್ಸ್ ತಟ್ಟುತ್ತ ಹೋದರು. ಟಕ್ ಟಕ್ ಎನ್ನುತ್ತಿದ್ದ ಸದ್ದು ಶವರಿನ ಕೆಳಗೆ ಬಂದಾಗ ಡಬ್ ಡಬ್ ಎಂದಿತು. ಅಲ್ಲೊಂದು ನೀಲಿ ಸ್ಟಿಕರ್ ಅಂಟಿಸಿದರು. ಆಮೇಲೆ ಒಂದು ಬಕೆಟ್ ನೀರು ಸುರಿದು ಸುಮ್ಮನೆ ನಿಂತರು. ನೀರು ಜಾಲರಿಯ ಕಡೆ ಹೋಗದೆ ಕಮೋಡಿನ ಹಿಂದೆ ಮಡುಗಟ್ಟಿತು.

‘ಮೇಡಂ, ಬೆಡ್‌ರೂಮಲ್ಲೂ ಒಂದೆರಡು ಟೈಲ್ಸ್ ಪೊಳ್ಳಿದೆ, ಮೂಲೇಲಿ. ಅದಕ್ಕೆ ತಲೆ ಕೆಡಿಸ್ಕೋಬೇಡಿ. ಇದು ಹಾಗಲ್ಲ. ಇಲ್ಲಿ ದಿನಾ ನೀರು ಬೀಳತ್ತೆ, ಸಂದೀಲಿ ಇಳಿದು ಹಿಂದೆ ನಿಂತ್ಕೊಳ್ಳತ್ತೆ. ಸ್ಲೋಪೂ ಉಲ್ಟಾ ಇದೆ. ನೀವು ಬಂದ್ಮೇಲೆ ಒಡೆಸೋದಾದ್ರೆ ವಾಟರ್‌ಪ್ರೂಫಿಂಗಿಂದ ಹಿಡಿದು ಎಲ್ಲಾ ಹೊಸದಾಗಿ ಮಾಡಿಸ್ಬೇಕಾಗತ್ತೆ. ಈಗ್ಲೇ ಹಿಡ್ಕೊಳ್ಳಿ’ ಎಂದರು.

ಇದರಲ್ಲಿ ಎಲ್ಲವೂ ಇತ್ತು. ಏನು ಕಂಡಿತು, ಯಾಕೆ ಹಾಗಾಗಿದೆ, ಬಿಟ್ಟರೆ ಏನಾಗುತ್ತದೆ, ಯಾವಾಗ ಮಾಡಿಸಬೇಕು. ಯಾವುದನ್ನು ಬಿಟ್ಟುಬಿಡಬಹುದು ಅನ್ನುವುದೂ ಇತ್ತು. ಅದನ್ನು ಹೇಳುವ ಧೈರ್ಯ ಎಷ್ಟೋ ತಪಾಸಣೆಗಾರರಿಗೆ ಇರುವುದಿಲ್ಲ. ಆದರೆ ಇಷ್ಟು ಮಾತು ವರದಿಯಲ್ಲಿ ಬಂದದ್ದು ‘ಟೊಳ್ಳು ಟೈಲ್ಸ್, ಇಳಿಜಾರು ಸರಿಯಿಲ್ಲ’ ಎಂದಷ್ಟೆ. ನಾನು ಫೋನ್ ಮಾಡಿ, ಅಂದು ಹೇಳಿದ್ದನ್ನೇ ಬರೆದುಕೊಡಿ ಎಂದೆ. ಮೊದಲ ಪುಟಕ್ಕೆ ಆರೇಳು ಸಾಲು ಸೇರಿಸಿ ಕಳಿಸಿದರು. ಬಿಲ್ಡರಿನ ಜೊತೆ ನಡೆದ ಮಾತೆಲ್ಲ ಆ ಒಂದು ಪುಟದ ಮೇಲೆ.

ಥರ್ಮಲ್ ಕ್ಯಾಮೆರಾದ ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಜನ ಹೆದರುವುದು ಅವನ್ನು ನೋಡಿಯೇ. ಗೋಡೆಯ ಮೇಲೆ ಕಡುನೀಲಿ ಮಚ್ಚೆ ಕಂಡರೆ ಮನೆಯೇ ಸೋರುತ್ತಿದೆ ಎಂಬ ಭಾವನೆ. ಆ ಕ್ಯಾಮೆರಾಕ್ಕೆ ನೀರು ಕಾಣುವುದಿಲ್ಲ, ಗೋಡೆಯ ಮೇಲ್ಮೈಯ ತಾಪದ ವ್ಯತ್ಯಾಸ ಕಾಣುತ್ತದೆ. ಎಸಿಯ ಗಾಳಿ ತಾಗಿದ ಜಾಗವೂ ನೀಲಿಯೇ. ತೇವ ಹೌದೋ ಅಲ್ಲವೋ ಎಂದು ಮೀಟರು ಒತ್ತಿ ನೋಡಬೇಕು. ನಮ್ಮ ಮಲಗುವ ಕೋಣೆಯಲ್ಲಿ, ಬಚ್ಚಲಿಗೆ ಅಂಟಿದ ಗೋಡೆಯಲ್ಲಿ, ಮೀಟರೂ ತೇವ ಎಂದಿತು. ‘ಮೂರು ಸಾಧ್ಯತೆ ಇದೆ’ ಎಂದರು ಎಂಜಿನಿಯರು. ಗೋಡೆಯೊಳಗಿನ ಪೈಪು ಸೋರುತ್ತಿರಬಹುದು, ಬಚ್ಚಲಿನ ವಾಟರ್‌ಪ್ರೂಫಿಂಗ್ ಕೈಕೊಟ್ಟಿರಬಹುದು, ಇಲ್ಲವೇ ಪ್ಲಾಸ್ಟರ್ ಇನ್ನೂ ಒಣಗದೆ ಇರಬಹುದು. ಮೊದಲನೆಯದಕ್ಕೆ ಪೈಪಿನ ಪ್ರೆಷರ್ ಟೆಸ್ಟ್, ಎರಡನೆಯದಕ್ಕೆ ಬಚ್ಚಲಿಗೆ ನೀರು ಕಟ್ಟಿ ಒಂದು ದಿನ ನಿಲ್ಲಿಸುವುದು, ಮೂರನೆಯದಕ್ಕೆ ಕೆಲವು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯುವುದು. ‘ಈಗ್ಲೇ ಇದೇ ಅಂತ ಹೇಳಿದ್ರೆ ಸುಳ್ಳಾಗತ್ತೆ’ ಎಂದೂ ಸೇರಿಸಿದರು. ಅವರ ಮೇಲೆ ನನಗೆ ನಂಬಿಕೆ ಕೂತದ್ದು ಆ ಮಾತಿಗೆ.

ಕಾರ್ಪೆಟ್ ಏರಿಯಾದ್ದು ಇನ್ನೊಂದು ಕಥೆ. ಕೋಣೆ ಕೋಣೆ ಅಳೆದು ಕೂಡಿಸಿದ ಮೊತ್ತ ಒಪ್ಪಂದದಲ್ಲಿದ್ದುದಕ್ಕಿಂತ ಕಡಿಮೆ ಎಂದು ವರದಿಯಲ್ಲಿತ್ತು. ಚದರಡಿಯ ದರಕ್ಕೆ ಗುಣಿಸಿದರೆ ಲಕ್ಷಗಳ ಮಾತು, ನಮ್ಮ ಯಜಮಾನರು ಆಗಲೇ ಕ್ಯಾಲ್ಕುಲೇಟರ್ ಹಿಡಿದಿದ್ದರು. ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಮನೆಯೊಳಗಿನ ಅಡ್ಡಗೋಡೆಗಳ ದಪ್ಪವೂ ಸೇರುತ್ತದೆ. ಹೊರಗೋಡೆ, ಶಾಫ್ಟು, ಬಾಲ್ಕನಿ ಸೇರುವುದಿಲ್ಲ. ಅಡ್ಡಗೋಡೆ ಸೇರಿಸಿ ನೋಡಿದಾಗ ಕೊರತೆ ಹೆಚ್ಚುಕಡಿಮೆ ಇರಲೇ ಇಲ್ಲ. ಹೇಗೆ ಅಳೆದೆವು ಎಂದು ಒಂದು ಸಾಲು ಬರೆದಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ನೋಡದೆ ಬಿಟ್ಟದ್ದನ್ನೂ ಹೇಳಬೇಕು. ಅಮೆರಿಕದ ಟೆಕ್ಸಾಸಿನಲ್ಲಿ ಮನೆ ತಪಾಸಣೆಗೆ ಸರ್ಕಾರದ ಲೈಸೆನ್ಸ್ ಬೇಕು, ವರದಿಗೂ ನಿಗದಿಯಾದ ನಮೂನೆ ಇದೆ. ಪ್ರತಿ ಅಂಶದ ಮುಂದೆ ನಾಲ್ಕು ಚೌಕ: ನೋಡಿದೆ, ನೋಡಿಲ್ಲ, ಇಲ್ಲಿ ಅದು ಇಲ್ಲ, ದೋಷವಿದೆ. ನಮ್ಮಲ್ಲಿ ಲೈಸೆನ್ಸೂ ಇಲ್ಲ, ನಮೂನೆಯೂ ಇಲ್ಲ. ಹಾಗಾಗಿ ಫಾಲ್ಸ್ ಸೀಲಿಂಗಿನ ಮೇಲೆ, ಶಾಫ್ಟಿನ ಒಳಗೆ, ಟೆರೇಸಿನಲ್ಲಿ ಯಾರೂ ಇಣುಕದಿದ್ದರೂ ವರದಿ ಓದಿದವರಿಗೆ ಅಲ್ಲೆಲ್ಲ ಸರಿಯಿದೆ ಅನ್ನಿಸುತ್ತದೆ. ‘ನೀವು ಏನೇನು ನೋಡಿಲ್ಲ, ಯಾಕೆ ನೋಡಿಲ್ಲ?’ ಈ ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ಹಳೆಯ ಮನೆ ಕೊಳ್ಳುವವರಿಗಂತೂ ಇದು ಇನ್ನೂ ಮುಖ್ಯ. ತಪಾಸಣೆಯವರನ್ನು ಬ್ರೋಕರೇ ಕರೆತಂದಿದ್ದರೆ, ಬೇಡ ಎಂದು ಬೇರೆಯವರನ್ನು ಹುಡುಕಿ.

ಬರಹದ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾನೂನಿನ ಕಾರಣವಿದೆ. 2016ರ ರೇರಾ ಕಾಯ್ದೆಯ 14(3)ನೇ ಕಲಮಿನ ಪ್ರಕಾರ, ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ಅದನ್ನು ಬಿಲ್ಡರಿನ ಗಮನಕ್ಕೆ ತಂದರೆ, 30 ದಿನದಲ್ಲಿ ಬೇರೆ ಹಣ ಕೇಳದೆ ಸರಿಪಡಿಸಬೇಕು. ಗಮನಕ್ಕೆ ತಂದದ್ದಕ್ಕೆ ಸಾಕ್ಷಿ ನಿಮ್ಮ ಇಮೇಲು ಮತ್ತು ಅದಕ್ಕೆ ಲಗತ್ತಿಸಿದ ವರದಿ. ಯಾವ ಗೋಡೆ, ಎಷ್ಟು ಅಳತೆ, ಯಾವ ದಿನ ಎಂಬುದಿಲ್ಲದೆ ‘ಅಲ್ಲಲ್ಲಿ ತೇವ ಕಂಡುಬಂದಿದೆ’ ಎಂದರೆ ಯಾರೂ ಕದಲುವುದಿಲ್ಲ. ಹಾಗೆಂದು ವರ್ಷಗಟ್ಟಲೆ ಎಳೆಯುವಂತೆಯೂ ಇಲ್ಲ. ಕಟ್ಟಡಕ್ಕೆ ಒಸಿ (ಆಕ್ಯುಪೆನ್ಸಿ ಸರ್ಟಿಫಿಕೇಟ್) ಸಿಕ್ಕಿದ 2 ತಿಂಗಳೊಳಗೆ ಕೊಂಡವರು ಸ್ವಾಧೀನ ತೆಗೆದುಕೊಳ್ಳಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಅದಕ್ಕೇ ಆದ್ಯತೆಯ ಪಟ್ಟಿ ಬೇಕು: ಕೀ ತೆಗೆದುಕೊಳ್ಳುವ ಮೊದಲು ಆಗಲೇಬೇಕಾದದ್ದು ಒಂದು ಕಡೆ, ವಾಸಕ್ಕೆ ಬಂದ ಮೇಲೆ ಆಗಬಹುದಾದದ್ದು ಇನ್ನೊಂದು ಕಡೆ.

ನಮ್ಮ ಮೊದಲ ಪಟ್ಟಿಯಲ್ಲಿ ಇದ್ದದ್ದು ಆರ್‌ಸಿಸಿಬಿ, ಬಚ್ಚಲು, ತೇವದ ಗೋಡೆ, ಈ ಮೂರೇ. ಶುಲ್ಕ ಮಾತಾಡುವಾಗಲೇ ಎರಡನೇ ಭೇಟಿಯನ್ನೂ ಸೇರಿಸಿಕೊಂಡಿದ್ದರಿಂದ ಅದೇ ಎಂಜಿನಿಯರು ಮತ್ತೆ ಬಂದರು. ಹೊಸ ಆರ್‌ಸಿಸಿಬಿಯ ಗುಂಡಿಯನ್ನು ಸುಮ್ಮನೆ ಒತ್ತಿ ನೋಡದೆ ಟೆಸ್ಟರ್ ಹಾಕಿ ಬೀಳಿಸಿ ತೋರಿಸಿದರು. ಬಚ್ಚಲಿಗೆ ಮತ್ತೊಂದು ಬಕೆಟ್ ನೀರು. ಪೈಪಿನ ಪ್ರೆಷರ್ ಇಳಿಯಲಿಲ್ಲ, ಕಟ್ಟಿ ನಿಲ್ಲಿಸಿದ ನೀರೂ ಎಲ್ಲೂ ಇಳಿದಿರಲಿಲ್ಲ, ಗೋಡೆಯ ತೇವ ಮಾತ್ರ ಇಳಿದಿತ್ತು. ಪ್ಲಾಸ್ಟರ್ ಒಣಗುತ್ತಿದೆ ಎಂದು ಬರೆದುಕೊಟ್ಟರು. ಕೊನೆಯ ಕಂತನ್ನು ಅದಾದ ಮೇಲೆ ಕೊಟ್ಟೆವು. ಬಾಲ್ಕನಿ ಬಾಗಿಲ ಕೆಳಗಿನ ಸಿಲಿಕಾನ್, ಸೀಲಿಂಗಿನ ಕೂದಲೆಳೆಯ ಬಿರುಕು ಎರಡನೇ ಪಟ್ಟಿಯಲ್ಲಿವೆ, ಅವನ್ನು ಎರಡು ಮಳೆಗಾಲ ನೋಡಿ ಎಂದಿದ್ದಾರೆ. 5 ವರ್ಷದ ಗಡುವು ತೀರುವುದಕ್ಕೆ ಆರು ತಿಂಗಳಿರುವಾಗ ಇನ್ನೊಮ್ಮೆ ಪೂರ್ತಿ ತಪಾಸಣೆ ಮಾಡಿಸಲು ಆರ್‌ಡಿಯಲ್ಲಿ ಸ್ವಲ್ಪ ಹಣ ಕೂಡಿಡುತ್ತಿದ್ದೇನೆ.