ಮಳೆಗೆ ಮುನ್ನ ಮೋಟಾರ್ ಸೈಕಲ್ : ಬೆಳೆಗಾರರು ತಾವೇ ಮಾಡಬೇಕಾದ ತಪಾಸಣೆ



ಜೂನ್ ತಿಂಗಳ ಮಳೆ ಹಿಡಿಯುವ ಮುನ್ನವೇ ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ನಮ್ಮಲ್ಲಿ ರೂಢಿ. ಕೊಳೆ ಹತ್ತಿದ ಮೇಲೆ ಔಷಧಿ ಹೊಡೆದರೆ ಉದುರಿದ ಕಾಯಿ ಮರ ಹತ್ತುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅದೇ ತೋಟಕ್ಕೆ, ಸಹಕಾರ ಸಂಘಕ್ಕೆ, ಸಂತೆಗೆ, ಆಸ್ಪತ್ರೆಗೆ ದಿನವೂ ನಮ್ಮನ್ನು ಹೊತ್ತು ಸಾಗುವ ಮೋಟಾರ್ ಸೈಕಲ್ಲಿನ ವಿಷಯದಲ್ಲಿ ನಾವು ರೋಗ ಬಂದ ಮೇಲೆಯೇ ಔಷಧಿ ಹುಡುಕುತ್ತೇವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಬಿದ್ದು ಕೈ ಮುರಿದ ಮೇಲೆ ಬ್ರೇಕಿನ ಕಡೆ ನೋಡುತ್ತೇವೆ. ಗಾಡಿಗೂ ಮಳೆಗೆ ಮುನ್ನಿನ ಒಂದು ‘ಸಿಂಪಡಣೆ’ ಬೇಕು. ಅದನ್ನು ಬಹುಮಟ್ಟಿಗೆ ಬೆಳೆಗಾರನೇ ಮಾಡಿಕೊಳ್ಳಬಹುದು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಹಿಂದೆ ಈ ಅಭ್ಯಾಸ ನಮ್ಮಲ್ಲಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿತು. 1973ರಿಂದ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಲೀವರಿನಲ್ಲಿ ಕಿಕ್ಕನ್ನೂ ಗೇರನ್ನೂ ಹೊಂದಿದ್ದ ಆ ಗಾಡಿಯನ್ನು ಇಟ್ಟುಕೊಂಡವರು ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನೂ, ಪ್ಲಗ್ ಬಿಚ್ಚಿ ಮಸಿ ತೆಗೆಯುವುದನ್ನೂ ತಾವೇ ಕಲಿಯಬೇಕಾಗಿತ್ತು. ಸ್ಪ್ಯಾನರಿನ ಚೀಲ ಸೀಟಿನಡಿಯಲ್ಲಿ ಇರುತ್ತಿತ್ತು. ಇಂದಿನ ನಾಲ್ಕು ಸ್ಟ್ರೋಕಿನ ಗಾಡಿ ಗುಂಡಿ ಒತ್ತಿದರೆ ಎದ್ದು ನಿಲ್ಲುತ್ತದೆ, ಸದ್ದಿಲ್ಲದೆ ಓಡುತ್ತದೆ. ಅದು ಒಳ್ಳೆಯದೇ. ಆದರೆ ಸುಲಭವಾಗಿ ಓಡುವ ಗಾಡಿ ಸುಲಭವಾಗಿ ನಿಲ್ಲುತ್ತದೆಂದು ಭಾವಿಸಬಾರದು. ಬೆಟ್ಟದ ಇಳಿಜಾರಿನಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಮುಖ್ಯ.

ಎರಡು ಸೀಮೆ, ಎರಡು ಪಾಠ

ನಾನು ಗಾಡಿ ಕಲಿತದ್ದು ಸಿಂದಗಿ ಸೀಮೆಯ ಮೋರಟಗಿಯಲ್ಲಿ. ಅದು ಎರೆಭೂಮಿ, ಜೋಳ ತೊಗರಿಯ ನಾಡು. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅಲ್ಲಿ ಗಾಡಿಯ ಶತ್ರು ಧೂಳು. ಬೇಸಗೆಯಲ್ಲಿ ಕರಿಧೂಳು ಏರ್ ಫಿಲ್ಟರಿನಲ್ಲಿ ತುಂಬಿ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಎಳೆತ ಕುಗ್ಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ನಾಲ್ಕು ಹನಿ ಬಿದ್ದರೆ ಎರೆ ಗಾಲಿಗೆ ಅಂಟಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಕೂತು ಗಾಲಿಯೇ ತಿರುಗದಂತೆ ಮಾಡುತ್ತದೆ. ಕೋಲಿನಿಂದ ಕೆಸರು ತೆಗೆದು ಮುಂದೆ ಹೋಗುವುದು ಅಲ್ಲಿಯವರಿಗೆ ಮಾಮೂಲು.

ಮಲೆನಾಡಿಗೆ ಬಂದಾಗ ಶತ್ರು ಬೇರೆಯಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ಇಲ್ಲಿ ನೀರು ಚೈನಿನ ಎಣ್ಣೆ ತೊಳೆಯುತ್ತದೆ, ಕೇಬಲ್ಲಿನೊಳಗೆ ತುಕ್ಕು ಹಿಡಿಸುತ್ತದೆ, ಬ್ರೇಕಿನ ಡ್ರಮ್ಮಿನೊಳಗೆ ಹೊಕ್ಕು ಹಿಡಿತ ಕೆಡಿಸುತ್ತದೆ. ಹಾಗೆಂದು ಧೂಳಿನ ಪಾಠ ಇಲ್ಲಿ ಬೇಡವೆಂದಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಕುಯ್ಲಿನ ಕಾಲದಲ್ಲಿ ತೋಟದ ದಾರಿಗಳಲ್ಲಿ ಜೀಪು, ಟ್ರ್ಯಾಕ್ಟರು ಎಬ್ಬಿಸುವ ಕೆಂಧೂಳು ಮೋರಟಗಿಯ ಕರಿಧೂಳಿಗೇನೂ ಕಡಿಮೆಯಲ್ಲ. ಗಾಡಿಯ ಜೊತೆ ಬರುವ ಕೈಪಿಡಿಯಲ್ಲಿ ಹೇಳಿರುವ ಕಿಲೋಮೀಟರ್ ಲೆಕ್ಕ ಸಾಧಾರಣ ರಸ್ತೆಗೆ ಬರೆದದ್ದು. ತೋಟದ ಗಾಡಿಗೆ ಅದನ್ನು ಸ್ವಲ್ಪ ಮುಂಚಿತವಾಗಿಯೇ ಪಾಲಿಸಬೇಕು.

ಅಲಕ್ಷ್ಯದ ಬೆಲೆ

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ಹಿಂಬ್ರೇಕಿನ ಪೆಡಲ್ ದಿನದಿನಕ್ಕೆ ಕೆಳಗೆ ಇಳಿಯುತ್ತಿರುವುದು ಕಾಲಿಗೆ ತಿಳಿಯುತ್ತಿತ್ತು. ನಾಲ್ಕು ದಿನ ‘ನಾಳೆ ನೋಡೋಣ’ ಎಂದೆ. ಐದನೆಯ ದಿನ ಹಿಂದೆ ಸುಲಿದ ಅಡಿಕೆಯ ಮೂಟೆ ಕಟ್ಟಿಕೊಂಡು ಇಳಿಜಾರಿನಲ್ಲಿ ಬರುವಾಗ ಬ್ರೇಕ್ ರಾಡಿನ ತುದಿಯ ನಟ್ಟು ಕಳಚಿ ಬಿತ್ತು. ಗಾಬರಿಯಲ್ಲಿ ಮುಂಬ್ರೇಕನ್ನು ಒಮ್ಮೆಗೇ ಹಿಡಿದೆ. ಮುಂದಿನ ಗಾಲಿ ಪಾಚಿಯ ಮೇಲೆ ಜಾರಿ, ಗಾಡಿಯೂ ನಾನೂ ಚರಂಡಿ ಸೇರಿದೆವು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು, ಹೆಗಲ ಮೂಳೆ ಮುರಿಯಿತು. ಆ ವರ್ಷದ ಎರಡನೆಯ ಸಿಂಪಡಣೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಹೋದದ್ದು ಕೆಲವೇ ರೂಪಾಯಿಯ ಒಂದು ನಟ್ಟು. ಅದನ್ನು ಬಿಗಿಮಾಡಲು ಬೇಕಾಗಿದ್ದುದು ಎರಡು ನಿಮಿಷ.

ಆದುದರಿಂದ ಕೆಳಗಿನ ತಪಾಸಣೆಗಳನ್ನು ಕ್ರಮವಾಗಿ ರೂಢಿಸಿಕೊಳ್ಳತಕ್ಕದ್ದು.

1. ಬ್ರೇಕು

ಪ್ರತಿದಿನ ಬೆಳಿಗ್ಗೆ ಗಾಡಿಯನ್ನು ಅಂಗಳದಲ್ಲಿ ತಳ್ಳಿಕೊಂಡೇ ಮುಂಬ್ರೇಕು ಒಮ್ಮೆ, ಹಿಂಬ್ರೇಕು ಒಮ್ಮೆ ಹಿಡಿದು ನೋಡಿ. ಡ್ರಮ್ ಬ್ರೇಕಾದರೆ ಪೆಡಲ್ ಸುಮಾರು 20ರಿಂದ 30 ಮಿ.ಮೀ. ಸಡಿಲವಾಗಿ ಇಳಿದು ಆಮೇಲೆ ಹಿಡಿಯಬೇಕು. ಹೆಚ್ಚು ಇಳಿದರೆ ರಾಡಿನ ತುದಿಯ ನಟ್ಟನ್ನು ತಿರುಗಿಸಿ ಸರಿಮಾಡಿ. ಸರಿಮಾಡಿದ ಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಿ. ಅದು ಉಜ್ಜದೆ ತಿರುಗಬೇಕು. ಡ್ರಮ್ಮಿನ ಹೊರಗಿನ ಲೀವರಿನ ಬಳಿ ಸವೆತ ತೋರಿಸುವ ಬಾಣದ ಗುರುತಿರುತ್ತದೆ. ಬ್ರೇಕು ಪೂರ್ತಿ ಒತ್ತಿದಾಗ ಬಾಣ ಆ ಗುರುತನ್ನು ಮುಟ್ಟಿದರೆ ಬ್ರೇಕ್ ಶೂ ಮುಗಿಯಿತೆಂದೇ ತಿಳಿಯಬೇಕು. ಆಮೇಲೆ ನಟ್ಟು ತಿರುಗಿಸಿ ಕಾಲ ತಳ್ಳುವುದು ಸಲ್ಲದು.

ಡಿಸ್ಕ್ ಬ್ರೇಕಾದರೆ ಹ್ಯಾಂಡಲ್ ಮೇಲಿನ ಡಬ್ಬಿಯ ಗಾಜಿನಲ್ಲಿ ಬ್ರೇಕ್ ಆಯಿಲಿನ ಮಟ್ಟ ನೋಡಿ. ಅದು ಕೆಳಗಿನ ಗೆರೆಗಿಂತ ಇಳಿದಿದ್ದರೆ ಪ್ಯಾಡ್ ಸವೆದಿದೆ, ಇಲ್ಲವೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಆಯಿಲನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಆದ್ದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಡಿಸ್ಕಿನ ಮೇಲೆ ಎಣ್ಣೆಯ ಒಂದು ಹನಿಯೂ ಬೀಳಬಾರದು.

ಹಳ್ಳ ದಾಟಿದ ಮೇಲೆ ಬ್ರೇಕು ಒದ್ದೆಯಾಗಿರುತ್ತದೆ. ನಿಧಾನವಾಗಿ ಹೋಗುತ್ತ ಬ್ರೇಕನ್ನು ಮೆಲ್ಲಗೆ ಎರಡು ಮೂರು ಬಾರಿ ಒತ್ತಿದರೆ ಒಳಗೆ ಒಣಗಿ ಹಿಡಿತ ಮರಳುತ್ತದೆ. ಇಳಿಜಾರಿಗೆ ಇಳಿಯುವ ಮೊದಲೇ ಇದನ್ನು ಮಾಡಬೇಕು.

2. ಟೈರು

ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಎಷ್ಟು ಗಾಳಿ ಎಂಬುದು ಕೈಪಿಡಿಯಲ್ಲಿ ಇರುತ್ತದೆ. ಹಿಂದೆ ಒಬ್ಬರು ಕೂರುವಾಗ ಅಥವಾ ಮೂಟೆ ಇಡುವಾಗ ಹಿಂಗಾಲಿಗೆ ಹೆಚ್ಚು ಗಾಳಿ ಬೇಕೆಂದು ಅದರಲ್ಲೇ ಬೇರೆ ಲೆಕ್ಕ ಕೊಟ್ಟಿರುತ್ತಾರೆ. ಕೆಸರಿನಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸಿ ಹಾಗೆಯೇ ಡಾಂಬರು ರಸ್ತೆಗೆ ಹೋಗುವುದು ಅಪಾಯ.

ಟೈರಿನ ಗಾಡಿಗಳ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಕ್ಕೆ ಸಮನಾದರೆ ಅದರ ಆಯುಸ್ಸು ತೀರಿತು. ನಮ್ಮ ಪಾಚಿ ರಸ್ತೆಗೆ ಅಷ್ಟು ದಿನ ಕಾಯುವುದೂ ಬೇಡ. ಸವೆದ ಟೈರಿನಲ್ಲಿ ಇನ್ನೊಂದು ಮಳೆಗಾಲ ನೂಕುವ ಬದಲು ಮೇ ತಿಂಗಳಲ್ಲೇ ಬದಲಾಯಿಸುವುದು ಲೇಸು.

3. ಚೈನು

ಸುಮಾರು 500 ಕಿ.ಮೀ.ಗೆ ಒಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಅಥವಾ ಚೈನಿನ ಸ್ಪ್ರೇ ಹಚ್ಚಬೇಕು. ಗ್ಯಾರೇಜಿನ ಹಳೆಯ ಕಪ್ಪು ಆಯಿಲ್ ಬೇಡ. ಅದರಲ್ಲಿರುವ ಲೋಹದ ಪುಡಿ ಚೈನನ್ನೇ ತಿನ್ನುತ್ತದೆ. ಎಣ್ಣೆ ಟೈರಿಗೆ ಸಿಡಿಯದಂತೆ ಒರೆಸಿಬಿಡಿ.

ಇಲ್ಲಿ ಒಂದು ಎಚ್ಚರಿಕೆ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆಯೊಡನೆ ಬೆರಳೂ ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಎಂಜಿನ್ ನಿಲ್ಲಿಸಿ, ಗಾಲಿಯನ್ನು ಕೈಯಿಂದಲೇ ತಿರುಗಿಸಿ.

ಚೈನಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಡಬೇಕು. ಚೈನು ಬಿಗಿಮಾಡಲು ಹಿಂಗಾಲಿಯನ್ನು ಹಿಂದಕ್ಕೆ ಸರಿಸಿದಾಗ ಎರಡೂ ಪಕ್ಕದ ಗುರುತು ಸಮನಾಗಿರಬೇಕು. ಅನಂತರ ಬ್ರೇಕಿನ ಪೆಡಲನ್ನು ಮತ್ತೆ ಸರಿಮಾಡಲು ಮರೆಯಬಾರದು; ಏಕೆಂದರೆ ಗಾಲಿ ಹಿಂದೆ ಸರಿದಾಗ ಬ್ರೇಕ್ ರಾಡೂ ಎಳೆಯಲ್ಪಡುತ್ತದೆ.

4. ಎಂಜಿನ್ ಆಯಿಲ್, ಗಾಳಿ, ಪೆಟ್ರೋಲ್

ಗಾಡಿಯನ್ನು ನೇರವಾಗಿ ನಿಲ್ಲಿಸಿ ವಾರಕ್ಕೊಮ್ಮೆ ಆಯಿಲಿನ ಮಟ್ಟ ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ತಡಮಾಡದೆ ಬದಲಾಯಿಸಿ, ನೀರು ಎಲ್ಲಿಂದ ಬಂತೆಂದು ಮೆಕ್ಯಾನಿಕ್ಕಿಗೆ ತೋರಿಸಿ. ಹಳ್ಳದಲ್ಲಿ ಗಾಡಿ ಮುಳುಗಿ ಎಂಜಿನ್ ನಿಂತರೆ ಕೂಡಲೇ ಸ್ಟಾರ್ಟ್ ಮಾಡಲು ಹೋಗಬಾರದು. ಸಿಲಿಂಡರಿನೊಳಗಿನ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಒಳಗಿನ ಕನೆಕ್ಟಿಂಗ್ ರಾಡೇ ಬಾಗಬಹುದು.

ಏರ್ ಫಿಲ್ಟರನ್ನು ಕುಯ್ಲಿನ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ತೆರೆದು ನೋಡಿ. ಸ್ಪಂಜಿನದನ್ನು ತೊಳೆಯಬಹುದು, ಕಾಗದದ್ದನ್ನು ನೀರಿನಲ್ಲಿ ತೊಳೆಯಬಾರದು, ತೀರಾ ಕೊಳೆಯಾದರೆ ಬದಲಾಯಿಸಬೇಕು.

2025ರ ಹೊತ್ತಿಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವುದು ಜಾರಿಗೆ ಬಂದಿದೆ. ಎಥನಾಲ್ ನೀರನ್ನು ಸೆಳೆಯುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಹರಿದಿದ್ದರೆ ಮಳೆನೀರು ಒಳಹೋಗಿ, ಎಥನಾಲಿನೊಡನೆ ಸೇರಿ ತಳಕ್ಕಿಳಿದು ಗಾಡಿ ನಿಂತುಬಿಡುತ್ತದೆ. ಮುಚ್ಚಳದ ರಬ್ಬರನ್ನು ಮೇ ತಿಂಗಳಲ್ಲೇ ನೋಡಿಕೊಳ್ಳಿ. ಹಳೆಯ ಗಾಡಿ ಉಳ್ಳವರು ಪೆಟ್ರೋಲಿನ ರಬ್ಬರ್ ಕೊಳವೆ ಬಿರಿದಿದೆಯೇ ಎಂಬುದನ್ನೂ ಆಗಾಗ ಪರೀಕ್ಷಿಸಬೇಕು.

5. ದೀಪ, ಹಾರ್ನು, ಕೇಬಲ್

ಬ್ರೇಕು ಒತ್ತಿದಾಗ ಹಿಂದಿನ ಕೆಂಪು ದೀಪ ಉರಿಯುತ್ತದೆಯೇ ಎಂದು ಗೋಡೆಯ ಬಳಿ ನಿಲ್ಲಿಸಿ ನೋಡಬಹುದು. ಮಂಜಿನಲ್ಲಿ ದೊಡ್ಡ ಬೆಳಕು ಮಂಜಿಗೇ ಬಡಿದು ನಮ್ಮ ಕಣ್ಣಿಗೆ ತಿರುಗಿ ಬರುತ್ತದೆ. ಡಿಮ್ ಹಾಕಿ ನಿಧಾನವಾಗಿ ಹೋಗುವುದೇ ಸರಿ. ಕ್ಲಚ್ ಮತ್ತು ಬ್ರೇಕಿನ ಕೇಬಲ್ಲಿನ ತುದಿಯಲ್ಲಿ ಒಂದು ಎಳೆ ತುಂಡಾಗಿ ಕಂಡರೂ ಕೇಬಲ್ ಬದಲಾಯಿಸಬೇಕು.

6. ಹೊರೆ

ಅನೇಕ 100–125 ಸಿ.ಸಿ. ಗಾಡಿಗಳು ಹೊರಬಹುದಾದ ಒಟ್ಟು ಭಾರ, ಸವಾರನೂ ಸೇರಿ, ಸುಮಾರು 130ರಿಂದ 150 ಕಿಲೋ ಮಾತ್ರ. 65 ಕಿಲೋ ತೂಕದ ಬೆಳೆಗಾರ 50 ಕಿಲೋ ಮೂಟೆ ಒಂದನ್ನು ಕಟ್ಟಿಕೊಂಡರೆ 115 ಕಿಲೋ ಆಯಿತು. ಎರಡು ಮೂಟೆಯಾದರೆ 165. ಲೆಕ್ಕ ತಾವೇ ನೋಡಿ. ಹಿಂದೆ ಭಾರ ಹೆಚ್ಚಾದಷ್ಟೂ ಮುಂದಿನ ಗಾಲಿ ಹಗುರವಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ.

ದೋಟಿಯನ್ನಾಗಲಿ ಪೈಪನ್ನಾಗಲಿ ಗಾಡಿಗೆ ಅಡ್ಡಲಾಗಿ ಹಿಡಿದು ಹೋಗಬಾರದು. ಕತ್ತಿಯನ್ನು ಗೋಣಿಯಲ್ಲಿ ಸುತ್ತಿ ಕಟ್ಟಬೇಕು. ಮೈಲುತುತ್ತದ ದ್ರಾವಣ ಕಬ್ಬಿಣವನ್ನೂ ಅಲ್ಯುಮಿನಿಯಮ್ಮನ್ನೂ ತಿನ್ನುತ್ತದೆ. ಸಿಂಪಡಣೆಯ ಸಾಮಾನು ಸಾಗಿಸಿದ ದಿನ ಸಂಜೆಯೇ ಗಾಡಿಯನ್ನು ನೀರಿನಿಂದ ತೊಳೆದು ಚೈನಿಗೆ ಎಣ್ಣೆ ಹಚ್ಚಿ. ಕೀಟನಾಶಕದ ಡಬ್ಬಿಯನ್ನೂ ಮನೆಯ ದಿನಸಿಯನ್ನೂ ಒಂದೇ ಚೀಲದಲ್ಲಿ ತರಕೂಡದು.

ಹಿಂದೆ ಕೂರುವ ಹೆಂಗಸರ ಸೆರಗು, ದುಪ್ಪಟ್ಟಾ ಗಾಲಿಗೆ ಸಿಕ್ಕಿ ಆಗುವ ಅನಾಹುತ ಸಣ್ಣದಲ್ಲ. ಸೀರೆ ಗಾರ್ಡನ್ನು ಮೂಟೆ ಕಟ್ಟಲು ಅಡ್ಡಿಯೆಂದು ಬಿಚ್ಚಿಹಾಕಬಾರದು; ಅದು ಕಾಯಿದೆಯ ಪ್ರಕಾರವೂ ಇರಲೇಬೇಕು.

7. ಇಳಿಜಾರಿನ ಚಾಲನೆ ಮತ್ತು ಹೆಲ್ಮೆಟ್

ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಎದುರಿಗೆ ದನ ಬಂದುದನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಈ ದೂರ ಮುಗಿದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ, ಇಳಿಜಾರಿನಲ್ಲಿ, ಮೂಟೆಯೊಡನೆ ಇನ್ನೂ ಹೆಚ್ಚು. ಆದ್ದರಿಂದ ಘಾಟಿ ಇಳಿಯುವಾಗ ಎಂಜಿನ್ ನಿಲ್ಲಿಸಿ ಪೆಟ್ರೋಲ್ ಉಳಿಸುವ ಅಭ್ಯಾಸ ಬಿಡಬೇಕು. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಇಳಿಯುತ್ತ, ಎರಡೂ ಬ್ರೇಕುಗಳನ್ನು ಸಮವಾಗಿ, ಮೆಲ್ಲಗೆ, ತಿರುವಿಗೆ ಮುಂಚೆಯೇ ಬಳಸಬೇಕು.

1988ರ ಮೋಟಾರು ವಾಹನ ಕಾಯಿದೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ಆದರೆ ಪೊಲೀಸರಿಲ್ಲದ ತೋಟದ ದಾರಿಯಲ್ಲಿಯೂ ಕಲ್ಲು ಅಷ್ಟೇ ಗಟ್ಟಿ. ಐ.ಎಸ್.ಐ. ಗುರುತಿನ ಹೆಲ್ಮೆಟ್ ಇಬ್ಬರಿಗೂ ಇರಲಿ. ಗದ್ದದ ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ಮೊದಲು ಹಾರಿಹೋಗುತ್ತದೆ.

ನೆನಪಿಗೆ

ಪ್ರತಿದಿನ : ಎರಡೂ ಬ್ರೇಕು, ಟೈರಿನ ಮೇಲೆ ಒಂದು ಕಣ್ಣು, ದೀಪ, ಸೈಡ್ ಸ್ಟ್ಯಾಂಡ್ ಮೇಲೆತ್ತಿದ್ದು.

ವಾರಕ್ಕೊಮ್ಮೆ : ಗಾಳಿ, ಎಂಜಿನ್ ಆಯಿಲ್, ಚೈನು, ಬ್ರೇಕ್ ರಾಡಿನ ಮತ್ತು ಗಾಲಿಯ ನಟ್ಟುಗಳು.

ಮೇ ಕೊನೆಯಲ್ಲಿ : ಟೈರು, ಬ್ರೇಕ್ ಶೂ ಅಥವಾ ಪ್ಯಾಡ್, ಕೇಬಲ್ಲುಗಳು, ಟ್ಯಾಂಕಿನ ಮುಚ್ಚಳದ ರಬ್ಬರ್.

ಕುಯ್ಲಿಗೆ ಮುಂಚೆ : ಏರ್ ಫಿಲ್ಟರ್, ಪ್ಲಗ್, ಹಿಂದಿನ ಶಾಕ್ ಅಬ್ಸಾರ್ಬರ್, ಮೂಟೆ ಕಟ್ಟುವ ಹಗ್ಗ.

ಈ ಪಟ್ಟಿಯನ್ನು ಗಾಡಿ ನಿಲ್ಲಿಸುವ ಕೊಟ್ಟಿಗೆಯ ಗೋಡೆಗೆ ಅಂಟಿಸಿಕೊಳ್ಳಬಹುದು. ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳಿಗೂ, ತೋಟದ ಕೆಲಸಕ್ಕೆ ನಮ್ಮ ಗಾಡಿ ಒಯ್ಯುವ ಆಳುಗಳಿಗೂ ಇದನ್ನು ಕಲಿಸಿಕೊಡುವುದು ಯಜಮಾನನ ಹೊಣೆ. ಮೆಕ್ಯಾನಿಕ್ ಎಷ್ಟೇ ಚತುರನಾದರೂ ಅವನು ಗಾಡಿಯನ್ನು ನೋಡುವುದು ಮೂರು ತಿಂಗಳಿಗೊಮ್ಮೆ. ನಾವು ನೋಡುವುದು ದಿನವೂ. ಪೆಡಲ್ ಕೆಳಗಿಳಿದುದು ಮೊದಲು ತಿಳಿಯುವುದು ನಮ್ಮ ಕಾಲಿಗೆ. ಹಾಗೆ ತಿಳಿದ ದಿನವೇ ಸ್ಪ್ಯಾನರ್ ಹಿಡಿಯಿರಿ.